ನೌಕಾಖಡ್ಗದ ನೈಜತೆ: 1804ರ ಬ್ರಿಟಿಷ್ ಮಾದರಿಯ ಪರೀಕ್ಷೆ

ಶತ್ರುವಿನ ಹಡಗನ್ನೇರಿ ಕಾದಾಡಲು ಬ್ರಿಟಿಷ್ ನಾವಿಕರು ಬಳಸುತ್ತಿದ್ದ ಗಿಡ್ಡ ಖಡ್ಗವೇ ಕಟ್ಲಾಸ್. ಅದರ 1804ರ ಮಾದರಿಗೆ ಸಂಗ್ರಾಹಕರಲ್ಲಿ ಬೇಡಿಕೆ ಹೆಚ್ಚು. ಪ್ರತಿಕೃತಿಗಳೂ ಅಷ್ಟೇ ಹೇರಳ. ಪ್ರತಿಕೃತಿಯೆಂದೇ ಮಾರಾಟವಾದ ಖಡ್ಗ ಕೈಯಿಂದ ಕೈಗೆ ದಾಟಿ, ರಸೀತಿ ಕಳೆದುಕೊಂಡು, ಕೊನೆಗೆ ಸಂಗ್ರಹಾಲಯದ ದಾಖಲೆಪುಸ್ತಕದಲ್ಲಿ ಪ್ರಾಚೀನವಸ್ತುವಾಗಿ ಸೇರಿಕೊಳ್ಳುವ ಅಪಾಯವಿದೆ.

ಮೂಲ ಖಡ್ಗದ ಅಲಗು ನೇರ, ಚಪ್ಪಟೆ, ಸುಮಾರು 29 ಅಂಗುಲ ಉದ್ದ. ಹಿಡಿ ಅಡ್ಡಗೆರೆಗಳುಳ್ಳ ಎರಕದ ಕಬ್ಬಿಣದ್ದು. ಕೈರಕ್ಷೆ 8ರ ಆಕಾರದಲ್ಲಿ ಕೂಡಿದ ಎರಡು ಕಬ್ಬಿಣದ ಬಿಲ್ಲೆಗಳಂತಿರುತ್ತದೆ. ಹಿತ್ತಾಳೆಯ ಕೈರಕ್ಷೆ ಕಂಡೊಡನೆ ಸಂಶಯಪಡಬೇಕು. ಆದರೆ ನಿಜವಾದ ಸುಳಿವು ಹಿಡಿಯ ತುದಿಯಲ್ಲಿದೆ. ಹಿಡಿಯೊಳಗೆ ಹಾಯ್ದ ಅಲಗಿನ ಬಾಲವನ್ನು ಮೂಲದಲ್ಲಿ ತುದಿಯಲ್ಲಿ ಬಡಿದು ಅಗಲಿಸಿರುತ್ತಾರೆ. ಅನೇಕ ಪ್ರತಿಕೃತಿಗಳಲ್ಲಿ ಅಲ್ಲಿ ತಿರುಪಿನ ನಟ್ಟು ಕಾಣುತ್ತದೆ.

ಕಿರೀಟ ಹಾಗೂ ‘ಜಿ.ಆರ್.’ ಮುದ್ರೆಯೊಂದನ್ನೇ ನೆಚ್ಚುವುದು ತರವಲ್ಲ. ಮೂಲದಲ್ಲಿ ಅದು ಸವೆದು ಅಳಿಸಿರಬಹುದು, ನಕಲಿಯಲ್ಲಿ ಹೊಸದಾಗಿ ಒತ್ತಿರಬಹುದು. ತುಕ್ಕೂ ಅಷ್ಟೆ. ಕಾಲದ ತುಕ್ಕು ಆಳ-ತೆಳುವಾಗಿ ಹರಡುತ್ತದೆ, ಆಮ್ಲದಿಂದ ಬರಿಸಿದ್ದು ಬಹುಮಟ್ಟಿಗೆ ಏಕರೂಪ. ಅಂಗೈ ತಾಗುವೆಡೆ ಗೆರೆಗಳು ನುಣುಪಾಗಿ, ಸಂದುಗಳಲ್ಲಿ ಮೂಲದ ಕಪ್ಪು ಬಣ್ಣದ ಶೇಷ ಉಳಿದಿದ್ದರೆ ಅದು ಬಲವಾದ ಸಾಕ್ಷ್ಯ. ಉಜ್ಜಿ ಹೊಳಪಿಸಿದ ಖಡ್ಗದಲ್ಲಿ ಈ ಸಾಕ್ಷ್ಯ ಸಿಗುವುದಿಲ್ಲವಾದ್ದರಿಂದ, ಶುಚಿಗೊಳಿಸುವ ಮೊದಲೇ ಛಾಯಾಚಿತ್ರ ತೆಗೆದು, ತೂಕ ಹಾಗೂ ಅಳತೆಗಳನ್ನು ದಾಖಲಿಸುವುದು ಅವಶ್ಯ.