ಒಸಡಿನ ರಕ್ತ ಮತ್ತು ಕಿಡ್ನಿ
“ವುಳೂ ಮಾಡುವಾಗ ಬಾಯಿ ಮುಕ್ಕಳಿಸಿದ ನೀರಲ್ಲಿ ರಕ್ತ ಬಂದರೆ ವುಳೂ ಮುರಿಯುತ್ತದಾ ಉಸ್ತಾದರೇ?” ತ್ಯಾವಣಿಗೆಯಲ್ಲಿ ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು. ನಮ್ಮ ಶಾಫಿಗಳಿಗೆ ಮುರಿಯುವುದಿಲ್ಲ, ಬಾಯಿ ಚೆನ್ನಾಗಿ ತೊಳೆದುಕೊಳ್ಳಬೇಕು ಅಷ್ಟೆ. ಇಲ್ಲಿನ ಹನಫಿ ಸಹೋದರರಿಗೆ, ಉಗುಳಿಗಿಂತ ರಕ್ತವೇ ಹೆಚ್ಚಿದ್ದರೆ ಉತ್ತರ ಬೇರೆ. ಇಷ್ಟು ಹೇಳಿ ಮುಗಿಸಿಬಿಡುತ್ತಿದ್ದೆ. ರಕ್ತ ಯಾಕೆ ಬರುತ್ತಿದೆ ಅಂತ ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಕೇಳಬೇಕಿತ್ತು ಅನಿಸಿದ್ದು ಪರಿಚಯದ ಕಾಕ ಒಬ್ಬರಿಂದ. ಅವರಿಗೆ ಹಲವು ವರ್ಷಗಳ ಸಕ್ಕರೆ ಕಾಯಿಲೆ. ಕಿಡ್ನಿ ಸೋಲುತ್ತಿದೆ ಅಂತ ಡಾಕ್ಟರು ಎಚ್ಚರಿಸಿದ್ದರು. ಆದರೂ ಒಸಡು ಬಾತಾಗಲೆಲ್ಲ ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ನುಂಗುತ್ತಿದ್ದರು. ಡೈಕ್ಲೊಫೆನಾಕ್, ಐಬುಪ್ರೊಫೇನ್ ಜಾತಿಯ ಈ ಮಾತ್ರೆಗಳು ಸೋತ ಕಿಡ್ನಿಯನ್ನು ಇನ್ನಷ್ಟು ಸೋಲಿಸುತ್ತವೆ. ಹಲ್ಲಿನ ಡಾಕ್ಟರ ಹತ್ತಿರ ಹೋಗದೆ ಉಳಿಸಿದ ದುಡ್ಡು ಎಲ್ಲಿ ಖರ್ಚಾಗುತ್ತದೆ ನೋಡಿ.

ಮಾತ್ರೆಯದು ಒಂದು ದಾರಿಯಾದರೆ, ಒಸಡಿನ ರೋಗಕ್ಕೂ ಕಿಡ್ನಿಗೂ ನೇರ ದಾರಿಯೂ ಇದೆ. ಹಲ್ಲಿನ ಬುಡದಲ್ಲಿ ಕೂತ ಪಾಚಿ ಗಟ್ಟಿಯಾಗಿ ಕಿಟ್ಟವಾಗುತ್ತದೆ. ಒಸಡು ಬಾತು ಹಲ್ಲಿನಿಂದ ಬಿಟ್ಟುಕೊಳ್ಳುತ್ತದೆ. ಆ ಸಂದಿನ ರೋಗಾಣುಗಳೂ ಉರಿಯೂತದ ವಸ್ತುಗಳೂ ರಕ್ತಕ್ಕೆ ಸೇರುತ್ತವೆ. ಒಂದೊಂದು ಕಿಡ್ನಿಯಲ್ಲಿ ಸುಮಾರು 10 ಲಕ್ಷ ಸೋಸುವ ಘಟಕಗಳು, ಎಲ್ಲದರಲ್ಲೂ ಕೂದಲಿಗಿಂತ ಸಣ್ಣ ರಕ್ತನಾಳಗಳು. ದಿನವೂ ಇಂಥ ರಕ್ತ ಹರಿದರೆ ಅವಕ್ಕೆ ಒಳ್ಳೆಯದಲ್ಲ. ತಿರುಗಾ ಕಿಡ್ನಿ ಸೋತವರಲ್ಲಿ ರೋಗ ತಡೆಯುವ ಶಕ್ತಿ ಕುಗ್ಗುತ್ತದೆ, ಬಾಯಿ ಒಣಗುತ್ತದೆ, ಒಸಡು ಇನ್ನೂ ಕೆಡುತ್ತದೆ. ಸಕ್ಕರೆ ಕಾಯಿಲೆ ಎರಡನ್ನೂ ಒಟ್ಟಿಗೆ ಕೆಡಿಸುತ್ತದೆ.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು 2016ರಲ್ಲಿ ಅಮೆರಿಕದ ಅಂಕಿಅಂಶ ಹಿಡಿದು ಲೆಕ್ಕ ಹಾಕಿದರು. ದೀರ್ಘಕಾಲದ ಕಿಡ್ನಿ ರೋಗಿಗಳಲ್ಲಿ 10 ವರ್ಷದೊಳಗೆ ತೀರಿಹೋದವರು 100ಕ್ಕೆ 32. ಜೊತೆಗೆ ಒಸಡಿನ ರೋಗವೂ ಇದ್ದರೆ 41. ಒಸಡೇ ಕೊಂದಿತು ಅಂತ ಇದರ ಅರ್ಥವಲ್ಲ. ಆದರೆ 2007ರಲ್ಲಿ ಪ್ರಕಟವಾದ ಲಂಡನ್ನಿನ ಪರೀಕ್ಷೆಯೊಂದರಲ್ಲಿ, 120 ಜನರಲ್ಲಿ ಒಸಡಿಗೆ ಪೂರ್ಣ ಚಿಕಿತ್ಸೆ ಪಡೆದವರ ರಕ್ತನಾಳಗಳು ಆರು ತಿಂಗಳಲ್ಲಿ ಹೆಚ್ಚು ಚೆನ್ನಾಗಿ ಕೆಲಸ ಮಾಡಿದವು. ಕಿಡ್ನಿ ಎಂದರೂ ರಕ್ತನಾಳಗಳೇ ತಾನೆ. ಹಲ್ಲು ಕ್ಲೀನ್ ಮಾಡಿಸಿದರೆ ಡಯಾಲಿಸಿಸ್ ತಪ್ಪುತ್ತದೆ ಅಂತ ಮಾತ್ರ ಯಾರಾದರೂ ಹೇಳಿದರೆ ನಂಬಬೇಡಿ.

ನಮ್ಮದು ಅಡಿಕೆಯ ಸೀಮೆ. ಊಟವಾದ ಮೇಲೆ ಎಲೆ ಅಡಿಕೆ, ಕೆಲವರಿಗೆ ಜೊತೆಗೆ ಹೊಗೆಸೊಪ್ಪು. ಬೀಡಿ ಸೇದುವವರಲ್ಲಿ ರಕ್ತ ಕಾಣಿಸದೆಯೂ ಒಸಡು ಒಳಗೊಳಗೇ ಹಾಳಾಗಬಹುದು.

“ಕ್ಲೀನ್ ಮಾಡಿಸಿದರೆ ಹಲ್ಲು ಅಲ್ಲಾಡುತ್ತದೆ” ಎಂಬ ಮಾತು ನಮ್ಮ ಉಮ್ಮಂದಿರ ಬಾಯಲ್ಲಿ ಗಟ್ಟಿಯಾಗಿದೆ. ನಿಜವೇನೆಂದರೆ ರೋಗ ಮೊದಲೇ ಹಲ್ಲನ್ನು ಸಡಿಲ ಮಾಡಿರುತ್ತದೆ, ಕಿಟ್ಟ ಅದನ್ನು ಹಿಡಿದು ನಿಲ್ಲಿಸಿರುತ್ತದೆ. ಕಿಟ್ಟ ತೆಗೆದಾಗ ಗೊತ್ತಾಗುತ್ತದೆ, ಅಷ್ಟೇ. ದೂರ ಹೋಗಬೇಕಿಲ್ಲ, ದಾವಣಗೆರೆಯಲ್ಲಿ 1979ರಿಂದಲೂ ಬಾಪೂಜಿ ದಂತ ಕಾಲೇಜು ಇದೆ. ಕಿಡ್ನಿ ರೋಗಿಗಳು ಹೋಗುವಾಗ ರಿಪೋರ್ಟು, ಮಾತ್ರೆಗಳ ಚೀಟಿ ಎರಡನ್ನೂ ಒಯ್ಯಿರಿ. ಡಯಾಲಿಸಿಸ್ ದಿನ ರಕ್ತ ಹೆಪ್ಪುಗಟ್ಟದಂತೆ ಔಷಧ ಕೊಟ್ಟಿರುತ್ತಾರೆ, ಆದ್ದರಿಂದ ಸಾಮಾನ್ಯವಾಗಿ ಮರುದಿನ ಹೋಗುವುದು ಒಳ್ಳೆಯದು. ಕಿಡ್ನಿ ಡಾಕ್ಟರನ್ನು ಒಂದು ಮಾತು ಕೇಳಿಕೊಳ್ಳಿ.

ಕಾಕ ಕೊನೆಗೂ ಹೋಗಿ ಬಂದರು. ತಣ್ಣೀರು ಕುಡಿದರೆ ಜುಮ್ಮೆನ್ನುತ್ತದೆ ಅಂತ ಒಂದು ವಾರ ನನ್ನನ್ನೇ ಬೈದರು. ಕ್ರಿಯಾಟಿನಿನ್ ಇಳಿದಿಲ್ಲ, ಇದ್ದಲ್ಲೇ ಇದೆ. ನೋವಿನ ಮಾತ್ರೆ ನಿಂತಿದೆ.