ತಪ್ಪು ಕಾರ್ಖಾನೆಯದು, ಬಿಲ್ಲು ಗಿರಾಕಿಗೆ: ಲೆನ್ಸು ರಿಪೇರಿಯ ದುಡ್ಡು ಯಾರ ಗಂಟಿನಿಂದ?

ಆಳಂದ, ಅಫಜಲಪುರ, ಜೇವರ್ಗಿ ಯಾವ ಊರಿನಲ್ಲೇ ಬಸ್ಸು ಇಳಿಯಿರಿ, ಸ್ಟ್ಯಾಂಡಿನಿಂದ ಕೂಗಳತೆಯಲ್ಲಿ ಒಂದು ಫೋಟೋ ಸ್ಟುಡಿಯೋದ ಬೋರ್ಡು ಕಣ್ಣಿಗೆ ಬಿದ್ದೇ ಬೀಳುತ್ತದೆ. ಪಾಸ್‌ಪೋರ್ಟ್ ಸೈಜಿನ ಫೋಟೋ, ಝೆರಾಕ್ಸು, ಲ್ಯಾಮಿನೇಷನ್ನು ಇವೆಲ್ಲ ದಿನದ ಚಹಾ-ಖರ್ಚಿಗಾದವು. ಮನೆ ನಡೆಯುವುದು ಮಾತ್ರ ಮದುವೆ ಸೀಜನ್ನಿನ ಮೇಲೆ, ಜಾತ್ರೆ-ಉರುಸುಗಳ ಮೇಲೆ. ಆಳಂದದ ಲಾಡ್ಲೆ ಮಶಾಯಕರ ದರ್ಗಾ ಇರಬಹುದು, ಅಫಜಲಪುರ ತಾಲೂಕಿನ ದೇವಲ ಗಾಣಗಾಪುರ ಇರಬಹುದು, ಜನ ಸೇರಿದ ಕಡೆ ಹೆಗಲಿಗೆ ಕ್ಯಾಮೆರಾ ಹಾಕಿಕೊಂಡ ಹುಡುಗ ಇರಲೇಬೇಕು.

ಅಂಥವನ ಲೆನ್ಸು ಸೀಜನ್ನಿನ ನಟ್ಟನಡುವೆ ಕೈಕೊಟ್ಟರೆ ಏನು ಗತಿ? ತಾಳಿ ಕಟ್ಟುವ ಗಳಿಗೆಯನ್ನು ಮತ್ತೊಮ್ಮೆ ಕರೆಯಲಿಕ್ಕಾಗದು. ಬೀಗರು ಸುಮ್ಮನೆ ಬಿಡುವವರಲ್ಲ. ಅಂದಿನ ಮಟ್ಟಿಗೆ ಗೆಳೆಯನ ಲೆನ್ಸು ಕಡ ತಂದು ಮಾನ ಉಳಿಸಿಕೊಂಡ ಎನ್ನಿ. ಮರುದಿನ ಕೆಟ್ಟ ಲೆನ್ಸನ್ನು ಹತ್ತಿಬಟ್ಟೆಯಲ್ಲಿ ಸುತ್ತಿ ಹೈದರಾಬಾದಿಗೋ ಬೆಂಗಳೂರಿಗೋ ಪಾರ್ಸೆಲ್ ಮಾಡಬೇಕು. ವಾರ ಕಳೆದ ಮೇಲೆ ಫೋನು ಬರುತ್ತದೆ: "ವಾರಂಟಿ ಮುಗಿದಿದೆ. ಪಾರ್ಟು ಇಷ್ಟು, ಲೇಬರ್ ಇಷ್ಟು, ಜಿಎಸ್‌ಟಿ ಬೇರೆ. ರಿಪೇರಿ ಬೇಡ ಅಂದರೂ ತಪಾಸಣೆ ಶುಲ್ಕ ಕಟ್ಟಿ ಲೆನ್ಸು ಬಿಡಿಸಿಕೊಳ್ಳಿ."

ಇಲ್ಲಿಯ ತನಕ ಇದು ಎಲ್ಲರ ಮನೆಯ ದೋಸೆ ತೂತೇ. ಮಿಕ್ಸರ್ ಕೆಡುವುದಿಲ್ಲವೆ, ಫ್ಯಾನು ಕೆಡುವುದಿಲ್ಲವೆ? ತಕರಾರು ಹುಟ್ಟುವುದು ಆ ಮೇಲೆ. ಅದೇ ಮಾಡೆಲ್ಲಿನ ಲೆನ್ಸು ಇಟ್ಟುಕೊಂಡ ಇನ್ನೊಬ್ಬನನ್ನು ವಿಚಾರಿಸಿದರೆ, "ನಂದೂ ಅದೇ ಜಾಗದಾಗ ಹೋಗ್ಯದ ಅಣ್ಣಾ, ನಮ್ಮ ಮಾವಂದೂ ಹಂಗೇ ಆಗ್ಯದ" ಎನ್ನುತ್ತಾನೆ. ಹತ್ತು ಜನರ ಲೆನ್ಸು ಒಂದೇ ಜಾಗದಲ್ಲಿ ಸಾಯುತ್ತದೆ ಎಂದ ಮೇಲೆ ಅದು ಹತ್ತು ಜನರ ತಪ್ಪಾಗಲು ಸಾಧ್ಯವೆ? ತಯಾರಿಸಿದವನಿಗೆ ಗೊತ್ತಿದ್ದ ದೋಷಕ್ಕೆ ಕೊಂಡವನು ದುಡ್ಡು ಕೊಡಬೇಕೆ? ಪ್ರಶ್ನೆ ಇಷ್ಟೆ.

ಲೆನ್ಸಿನ ಹೊಟ್ಟೆಯೊಳಗೆ

ಜೂಮ್ ಲೆನ್ಸು ಅಂದರೆ ಬರೀ ಗಾಜಿನ ಕೊಳವೆಯಲ್ಲ. ಸಾಲಾಗಿ ಜೋಡಿಸಿದ ಹತ್ತಾರು ಗಾಜುಗಳು, ಫೋಕಸ್ ಮಾಡುವ ಪುಟ್ಟ ಮೋಟಾರು, ಬೆಳಕಿನ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ತೆಳ್ಳನೆಯ ಎಲೆಗಳು, ಇವಕ್ಕೆಲ್ಲ ಕರೆಂಟು ಸಾಗಿಸುವ ರಿಬ್ಬನ್ನಿನಂಥ ಕೇಬಲ್ಲು. ಜೂಮ್ ತಿರುಗಿಸಿದಾಗಲೆಲ್ಲ ಆ ಕೇಬಲ್ಲು ಮಡಿಚಿ ಬಿಚ್ಚಿಕೊಳ್ಳುತ್ತದೆ. ನಕ್ಷೆ ಹಾಕಿದವನು ಅದಕ್ಕೆ ಬಾಗಲು ಸಾಕಷ್ಟು ಜಾಗ ಬಿಡದಿದ್ದರೆ ಇಂತಿಷ್ಟು ಸಾವಿರ ಸಲ ತಿರುಗಿದ ಮೇಲೆ ಅದು ಸೀಳಲೇಬೇಕು, ಅದೂ ಅದೇ ಮಡಿಕೆಯಲ್ಲಿ.

ಇಲ್ಲೊಂದು ಸೂಕ್ಷ್ಮ ಉಂಟು. ವಾರಂಟಿ ಓಡುವುದು ಕ್ಯಾಲೆಂಡರಿನ ಮೇಲೆ, ಕೇಬಲ್ಲು ಸವೆಯುವುದು ಕೈಯ ತಿರುವಿನ ಮೇಲೆ. ಮಗುವಿನ ಹುಟ್ಟುಹಬ್ಬಕ್ಕೊಮ್ಮೆ ಬೀರುವಿನಿಂದ ಕ್ಯಾಮೆರಾ ತೆಗೆಯುವ ಮೇಷ್ಟರಿಗೆ ಈ ದೋಷ ಐದು ವರ್ಷಕ್ಕೂ ಕಾಣಿಸಲಿಕ್ಕಿಲ್ಲ. ಮದುವೆ ಫೋಟೋದವನಿಗೆ ಎರಡೇ ಸೀಜನ್ನಿನಲ್ಲಿ ಕಾಣಿಸುತ್ತದೆ. ದೋಷ ಮಾತ್ರ ಇಬ್ಬರಿಗೂ ಮೊದಲ ದಿನದಿಂದಲೇ ಡಬ್ಬಿಯೊಳಗೆ ಕೂತಿತ್ತು. ವಾರಂಟಿ ಮುಗಿದ ಮೇಲೆ ಹೊರಬಿತ್ತು ಎಂದ ಮಾತ್ರಕ್ಕೆ ಅದು ವಾರಂಟಿ ಮುಗಿದ ಮೇಲೆ ಹುಟ್ಟಿತು ಎಂದು ಹೇಳಲಾದೀತೆ?

ಹಾಗಂತ ಕೆಟ್ಟ ಲೆನ್ಸೆಲ್ಲ ಕಾರ್ಖಾನೆಯ ತಪ್ಪಲ್ಲ, ಅದನ್ನೂ ಹೇಳಬೇಕು. ಮಂಟಪದಲ್ಲಿ ಕೈಜಾರಿ ಬಿದ್ದದ್ದು, ಭೀಮಾ ನದಿಯ ದಂಡೆಯಲ್ಲಿ ನೀರು ಕುಡಿದದ್ದು, ಮಳೆಗಾಲದಲ್ಲಿ ಬ್ಯಾಗಿನೊಳಗೇ ಬಿಟ್ಟು ಗಾಜಿಗೆ ಬೂಸಲು ಹತ್ತಿಸಿಕೊಂಡದ್ದು, ಇವಕ್ಕೆಲ್ಲ ಕಂಪನಿ ಯಾಕೆ ದುಡ್ಡು ಕೊಡಬೇಕು? ತಾನೇ ಸ್ಕ್ರೂಡ್ರೈವರ್ ಹಾಕಿ ಬಿಚ್ಚಿ ನೋಡಿ, ಆಮೇಲೆ "ಏನೂ ಮುಟ್ಟಿಲ್ರಿ" ಎನ್ನುವ ಶೂರರೂ ಉಂಟು.

ಹೊರಗಿನ ಲೋಕದಲ್ಲಿ ನಡೆದದ್ದು

ಕಂಪನಿಗಳು ತಪ್ಪು ಒಪ್ಪಿಕೊಂಡು ಪುಕ್ಕಟೆ ರಿಪೇರಿ ಮಾಡಿಕೊಟ್ಟ ಉದಾಹರಣೆ ಇಲ್ಲದಿಲ್ಲ. 2005ರಲ್ಲಿ ಕ್ಯಾನನ್ ಕಂಪನಿ 24-105 ಮಿ.ಮೀ.ನ ದುಬಾರಿ ಜೂಮ್ ಲೆನ್ಸೊಂದನ್ನು ಪೇಟೆಗೆ ಬಿಟ್ಟಿತು. ಎದುರಿನಿಂದ ಜೋರು ಬೆಳಕು ಬಿದ್ದಾಗ ಚಿತ್ರದಲ್ಲಿ ಬೆಳಕಿನ ಕಲೆ ಮೂಡುತ್ತಿತ್ತು. ಮೊದಲ ಕಂತಿನ ಲೆನ್ಸುಗಳ ಸೀರಿಯಲ್ ನಂಬರು ಪ್ರಕಟಿಸಿ, ತಂದುಕೊಟ್ಟರೆ ಬಿಟ್ಟಿ ಸರಿಮಾಡಿಕೊಡುತ್ತೇವೆ ಎಂದಿತು ಕಂಪನಿ. ಅದರ ಬೆನ್ನಿಗೇ ಅದೇ ಕಂಪನಿಯ 70-300ರ ಲೆನ್ಸು ಕ್ಯಾಮೆರಾವನ್ನು ನಿಲುವಾಗಿ ಹಿಡಿದು ದೂರದ ಚಿತ್ರ ತೆಗೆದರೆ ಮಸುಕಾಗುತ್ತಿತ್ತು. ಅದಕ್ಕೂ ಹೀಗೇ ಪುಕ್ಕಟೆ ರಿಪೇರಿ ಸಿಕ್ಕಿತು.

2005ರದೇ ಇನ್ನೊಂದು ಸಂಗತಿ ನಮ್ಮ ಭಾಗದವರಿಗೆ ಹೆಚ್ಚು ಹತ್ತಿರದ್ದು. ಲೆನ್ಸಿನ ಹಿಂದೆ ಕೂತು ಬಿಂಬವನ್ನು ಹಿಡಿಯುವ ಸಿಸಿಡಿ ಎಂಬ ಚಿಪ್ಪನ್ನು ಸೋನಿ ಕಂಪನಿ ತಯಾರಿಸಿ ಬೇರೆ ಕಂಪನಿಗಳಿಗೂ ಮಾರಿತ್ತು. ಸೆಕೆ ಮತ್ತು ತೇವ ಹೆಚ್ಚಿದ್ದಲ್ಲಿ ಅದರೊಳಗಿನ ತಂತಿಯ ಬೆಸುಗೆ ಬಿಟ್ಟುಕೊಳ್ಳುತ್ತಿತ್ತು. ಚಿತ್ರ ಅಡ್ಡಾದಿಡ್ಡಿ ಗೆರೆಯಾಗುತ್ತಿತ್ತು, ಇಲ್ಲವೆ ಪೂರ್ತಿ ಕಪ್ಪಾಗುತ್ತಿತ್ತು. ಸೋನಿ, ಕ್ಯಾನನ್, ಫ್ಯೂಜಿ, ಕೋನಿಕಾ ಮಿನೋಲ್ಟಾ ಮೊದಲಾದವು ಒಂದರ ಹಿಂದೊಂದು ನೋಟೀಸು ಹೊರಡಿಸಿ, ವಾರಂಟಿ ತೀರಿದ್ದರೂ ಸರಿಯೇ, ಈ ದೋಷಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ ಎಂದವು. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಕಲಬುರಗಿ ಸೀಮೆಯಲ್ಲಿ "ಬಿಸಿಲಿಗೆ ಕೆಟ್ಟಿತು, ನಿಮ್ಮ ಊರಿನ ತಪ್ಪು" ಎಂದು ಹೇಳಿಬಿಡುವುದು ಎಷ್ಟು ಸಲೀಸು ನೋಡಿ. ಬಿಸಿಲಿನ ದೇಶಕ್ಕೆ ಮಾರುವವನು ಬಿಸಿಲನ್ನು ತಾಳುವ ಮಾಲನ್ನೇ ಮಾರಬೇಕಲ್ಲವೆ?

ನಿಕಾನ್ ಕಂಪನಿಯ ಡಿ600ರ ಕಥೆ ಬೇರೆ ಥರ. 2012ರ ಸೆಪ್ಟೆಂಬರಿನಲ್ಲಿ ಬಂದ ಈ ಕ್ಯಾಮೆರಾದ ಚಿತ್ರಗಳಲ್ಲಿ ಎಣ್ಣೆ-ಧೂಳಿನ ಚುಕ್ಕೆ ಕಾಣತೊಡಗಿದವು. ಒರೆಸಿ ಚೊಕ್ಕ ಮಾಡಿಕೊಳ್ಳಿ, ಹೋಗದಿದ್ದರೆ ಸರ್ವೀಸಿಗೆ ತನ್ನಿ ಎಂಬುದು ಮೊದಲ ಉತ್ತರ. 2013ರ ಅಕ್ಟೋಬರಿನಲ್ಲಿ ಶಟರ್ ಬದಲಿಸಿದ ಡಿ610 ಎಂಬ ಹೊಸ ಮಾಡೆಲ್ಲು ಸದ್ದಿಲ್ಲದೆ ಬಂತು. ಹಳೆಯ ಗಿರಾಕಿಗಳಿಗೆ, ವಾರಂಟಿ ಮುಗಿದಿದ್ದರೂ ಶಟರ್ ಸಮೇತ ಪುಕ್ಕಟೆ ರಿಪೇರಿ ಎಂಬ ಪ್ರಕಟಣೆ ಹೊರಬೀಳಲು 2014ರ ಫೆಬ್ರವರಿ ಆಯಿತು. ಮರು ತಿಂಗಳು 15ರಂದು, ವಿಶ್ವ ಗ್ರಾಹಕರ ಹಕ್ಕುಗಳ ದಿನ, ಚೀನಾದ ಸರಕಾರಿ ಟಿ.ವಿ. ಅದನ್ನು ಬಯಲಿಗೆಳೆಯಿತು. ಶಾಂಘಾಯಿಯ ಅಧಿಕಾರಿಗಳು ಮಾರಾಟವನ್ನೇ ನಿಲ್ಲಿಸಿದರು. ಹೊಸ ಮಾಡೆಲ್ಲಿನಲ್ಲಿ ಆ ಭಾಗವನ್ನೇ ಬದಲಿಸಿಬಿಟ್ಟ ಮೇಲೆ ಹಳೆಯದರಲ್ಲಿ ಏನೋ ತೊಡಕಿತ್ತು ಎಂದು ಬಾಯಿಬಿಟ್ಟು ಹೇಳಬೇಕೆ!

ದುಡ್ಡು ಕೇಳಿದವರೂ ಇದ್ದಾರೆ. ಜರ್ಮನಿಯ ಲೈಕಾ ಕಂಪನಿಯ ಎಂ9 ಕ್ಯಾಮೆರಾ ಬಂದದ್ದು 2009ರಲ್ಲಿ. ಚಿಪ್ಪಿನ ಮೇಲಿನ ಗಾಜಿಗೆ ತುಕ್ಕಿನಂಥ ಸವಕಳಿ ಹತ್ತುತ್ತಿತ್ತು. 2014ರಲ್ಲಿ ಕಂಪನಿ ತಪ್ಪು ಒಪ್ಪಿಕೊಂಡು, ಕ್ಯಾಮೆರಾ ಎಷ್ಟು ಹಳೆಯದಾದರೂ ಪುಕ್ಕಟೆ ಬದಲಿಸಿಕೊಡುತ್ತೇವೆ ಎಂದಿತು. 2017ರಲ್ಲಿ ಮಾತು ಬದಲಾಯಿತು. ಕೊಂಡು ಐದು ವರ್ಷದೊಳಗಿದ್ದರೆ ಮಾತ್ರ ಪುಕ್ಕಟೆ, ಮೀರಿದವರು ಖರ್ಚಿನಲ್ಲಿ ಒಂದು ಪಾಲು ಹೊರಬೇಕು. ದೋಷ ಅದೇ, ಒಪ್ಪಿಕೊಂಡ ಬಾಯಿಯೂ ಅದೇ.

ಕಂಪನಿಯವರ ವಾದವನ್ನೂ ಕೇಳಬೇಕು. ಹತ್ತು-ಹದಿನೈದು ವರ್ಷ ಬಳಸಿದ ಮಾಲಿಗೆ ಕೊನೆತನಕ ಹೊಣೆ ಹೊರಲಾಗದು, ಬಿಡಿಭಾಗ ತಯಾರಿಯೇ ನಿಂತಿರುತ್ತದೆ, ಪುಕ್ಕಟೆಯ ಭಾರ ಕಡೆಗೆ ಹೊಸ ಲೆನ್ಸಿನ ರೇಟಿನಲ್ಲಿ ಎಲ್ಲರ ತಲೆಗೂ ಬೀಳುತ್ತದೆ ಎಂದು ಅವರೆನ್ನುತ್ತಾರೆ. ಮಾತಿನಲ್ಲಿ ಹುರುಳಿಲ್ಲದಿಲ್ಲ. ಒಂದು ಗಡುವು ಇರಲಿ. ಆದರೆ ಆ ಗಡುವು ವಾರಂಟಿ ಕಾರ್ಡಿನ ಒಂದೆರಡು ವರ್ಷ ಆಗಿರಬಾರದು. ವಸ್ತು ಸಹಜವಾಗಿ ಎಷ್ಟು ಕಾಲ ಬಾಳಬೇಕಿತ್ತೋ ಅಷ್ಟಿರಬೇಕು. ರೇಟಿನ ಮಾತಿಗೆ ಬಂದರೆ, ಭಾರ ಎಲ್ಲರಿಗೂ ಹಂಚಿಹೋದರೆ ತಲೆಗೆ ಹತ್ತಿಪ್ಪತ್ತು ರೂಪಾಯಿ. ಕೆಟ್ಟವನೊಬ್ಬನ ತಲೆಗೇ ಕಟ್ಟಿದರೆ ಒಂದು ಮದುವೆಯ ಪೂರಾ ಕಮಾಯಿ.

ಕಾಯದೆ ಏನೆನ್ನುತ್ತದೆ?

ಬೈಕು, ಕಾರಿನ ಮಾಲೀಕರು ಈ ವಿಷಯದಲ್ಲಿ ಪುಣ್ಯವಂತರು. ಮೋಟಾರು ವಾಹನ ಕಾಯದೆಗೆ 2019ರಲ್ಲಿ ಸೇರಿಸಿದ 110ಎ ಕಲಮು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ದೋಷವುಳ್ಳ ವಾಹನಗಳನ್ನು ವಾಪಸು ಕರೆಸುವಂತೆ ಸರಕಾರ ಕಂಪನಿಗೆ ಆಜ್ಞೆ ಮಾಡಬಹುದು. ಏಳು ವರ್ಷದೊಳಗಿನ ವಾಹನಗಳಿಗೆ ಇದು ಅನ್ವಯ. ವಾರಂಟಿ ಮುಗಿದಿದೆಯೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಬ್ರೇಕು ಫೇಲಾದರೆ ಜೀವ ಹೋಗುತ್ತದೆ, ಲೆನ್ಸು ಫೇಲಾದರೆ ಹೊಟ್ಟೆಪಾಡು ಮಾತ್ರ ಹೋಗುತ್ತದೆ. ಅದಕ್ಕೇ ಇರಬೇಕು ಕ್ಯಾಮೆರಾಕ್ಕೆ ಇಂಥ ಪ್ರತ್ಯೇಕ ಕಲಮು ಬಂದಿಲ್ಲ.

ಆದರೆ ಕೈ ಪೂರ್ತಿ ಖಾಲಿಯೇನಲ್ಲ. 1986ರ ಗ್ರಾಹಕ ಸಂರಕ್ಷಣಾ ಕಾಯದೆಯ ಜಾಗಕ್ಕೆ ಬಂದ 2019ರ ಕಾಯದೆ 2020ರ ಜುಲೈನಿಂದ ನಡೆಯುತ್ತಿದೆ. ಅದರ ಪ್ರಕಾರ ವಸ್ತುವಿನ ಗುಣಮಟ್ಟದಲ್ಲಿನ ಯಾವುದೇ ಕುಂದೂ ದೋಷವೇ. ಜಿಲ್ಲಾ ಆಯೋಗ ದೋಷ ಸರಿಪಡಿಸಿ ಕೊಡಿ ಎನ್ನಬಹುದು, ಬದಲಿ ಕೊಡಿ ಎನ್ನಬಹುದು, ಹಣ ವಾಪಸು ಮಾಡಿಸಬಹುದು. ಇನ್ನೊಂದು ಮಾತು ಗಮನಿಸಬೇಕಾದದ್ದು: ತಿಳಿಸಬೇಕಾದ ಸಂಗತಿಯನ್ನು ಬೇಕೆಂದೇ ಮುಚ್ಚಿಡುವುದನ್ನೂ ಸೇವೆಯಲ್ಲಿನ ನ್ಯೂನತೆ ಎಂದು ಈ ಕಾಯದೆ ಹೆಸರಿಸಿದೆ. ಅಂದರೆ ಪುಕ್ಕಟೆ ರಿಪೇರಿಯ ನೋಟೀಸು ಕಪಾಟಿನಲ್ಲಿರುವಾಗ ಅದನ್ನು ಹೇಳದೆ ಗಿರಾಕಿಯಿಂದ ದುಡ್ಡು ಕಟ್ಟಿಸಿಕೊಳ್ಳುವ ಸರ್ವೀಸ್ ಸೆಂಟರಿನವರನ್ನು ಕಟಕಟೆಗೆ ಎಳೆಯಲು ದಾರಿ ಇದೆ.

ಫೋಟೋದವರಿಗೆ ಹೆದರಿಸುವ ಮಾತೊಂದಿದೆ. "ನೀವು ಧಂದೆಗೆ ಕೊಂಡವರು, ಗ್ರಾಹಕರೇ ಅಲ್ಲ" ಎಂದು. ಇದು ಅರ್ಧ ಸತ್ಯ. ವ್ಯಾಪಾರದ ಉದ್ದೇಶಕ್ಕೆ ಕೊಂಡವನನ್ನು ಕಾಯದೆ ಹೊರಗಿಟ್ಟಿರುವುದು ನಿಜ, ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವುದಕ್ಕೇ ಕೊಂಡವನನ್ನು ಒಳಗೇ ಇಟ್ಟಿದೆ. ಇಂಥವನು ಕೈಕೆಳಗೆ ಒಬ್ಬಿಬ್ಬರ ಸಹಾಯ ಪಡೆದರೂ ಗ್ರಾಹಕನೇ ಎಂದು ಲಕ್ಷ್ಮಿ ಇಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದೆ. ಆಟೋ ಕೊಂಡು ತಾನೇ ಓಡಿಸುವವನಿಗೆ ಸಲ್ಲುವ ನ್ಯಾಯ, ಲೆನ್ಸು ಕೊಂಡು ತಾನೇ ಫೋಟೋ ತೆಗೆಯುವವನಿಗೂ ಸಲ್ಲಬೇಕು. ಹತ್ತು ಕ್ಯಾಮೆರಾ, ಇಪ್ಪತ್ತು ಆಳು ಇಟ್ಟು ಕಂಪನಿಯಂತೆ ನಡೆಸುವವರ ಮಾತು ಬೇರೆ.

ತೊಂದರೆ ಇರುವುದು ಪುರಾವೆಯಲ್ಲಿ. ದೋಷ ಕಾರ್ಖಾನೆಯಿಂದಲೇ ಬಂತು ಎಂದು ತೋರಿಸುವ ಭಾರ ದೂರು ಕೊಟ್ಟವನದು. ಬೇಕೆನಿಸಿದರೆ ಆಯೋಗ ಮಾಲನ್ನು ಪ್ರಯೋಗಾಲಯಕ್ಕೆ ಕಳಿಸುತ್ತದೆ, ಅದರ ಶುಲ್ಕ ಮೊದಲು ದೂರುದಾರನೇ ಕಟ್ಟಬೇಕು. ಎಷ್ಟು ಲೆನ್ಸು ಅದೇ ರೋಗಕ್ಕೆ ವಾಪಸು ಬಂದವು ಎಂಬ ಲೆಕ್ಕ ಇರುವುದು ಕಂಪನಿಯ ಕಂಪ್ಯೂಟರಿನಲ್ಲಿ. ಜೇವರ್ಗಿಯ ಸ್ಟುಡಿಯೋದವನಿಗೆ ಅದು ಎಲ್ಲಿಂದ ಸಿಗಬೇಕು? ಆದ್ದರಿಂದ ಸೀರಿಯಲ್ ನಂಬರಿನ ಸಮೇತ ಇಂಥ ದೋಷಗಳ ಪಟ್ಟಿ ಪ್ರಕಟಿಸುವುದು ಕಂಪನಿಯ ದೊಡ್ಡಸ್ತಿಕೆಗೆ ಬಿಟ್ಟ ಮಾತಾಗದೆ ಕಡ್ಡಾಯವಾಗಬೇಕು. ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರ ಡಿಸೆಂಬರ್ 24ರಂದು ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ಮೊದಲಿಗೆ ಆರಿಸಿಕೊಂಡ ಕ್ಷೇತ್ರಗಳು ನಾಲ್ಕು: ಕೃಷಿ ಯಂತ್ರ, ಮೊಬೈಲು, ಮನೆಬಳಕೆಯ ಯಂತ್ರ, ವಾಹನ. ಕ್ಯಾಮೆರಾ ಆ ಪಟ್ಟಿಯಲ್ಲಿ ಹೆಸರಿಟ್ಟು ಬರಲಿಲ್ಲ.

ಅಂಗಡಿಯವನ ಪಾಡು

ಇದರಲ್ಲಿ ಬಡಪಾಯಿ ಅಂದರೆ ಮಾರಿದ ಅಂಗಡಿಯವನು. ಕಂಪನಿ ಕಣ್ಣಿಗೆ ಕಾಣುವುದಿಲ್ಲ, ಅಂಗಡಿ ಕಾಣುತ್ತದೆ. ಗಿರಾಕಿ ಬಂದು "ಏನ್ ಸಾವ್ಕಾರ್ರಿ, ನೀವೇ ಛಲೋ ಅದ ಅಂದಿದ್ರಲ್ಲ" ಎಂದು ಗಲ್ಲಾಪೆಟ್ಟಿಗೆ ಮುಂದೆ ನಿಂತರೆ ಉತ್ತರ ಏನು ಕೊಡಬೇಕು? ಲೆನ್ಸಿಗಷ್ಟೇ ಅಲ್ಲ, ಗ್ರೈಂಡರು, ಮೊಬೈಲು, ಇನ್ವರ್ಟರು ಎಲ್ಲಕ್ಕೂ ಇದೇ ಪಂಚಾಯಿತಿ. ಕಂಪನಿ ದೋಷ ಮುಚ್ಚಿಟ್ಟಷ್ಟೂ ಅಂಗಡಿಯವನ ಮಾತಿನ ಬೆಲೆ ಇಳಿಯುತ್ತದೆ. ವಿತರಕರ ಮೇಲೆ ಒತ್ತಡ ತರಲು ಹೆಚ್ಚು ಅನುಕೂಲ ಇರುವುದೂ ಅವನಿಗೇ. ಒಂದೇ ಮಾಡೆಲ್ಲು ಮೂರು ಸಲ ವಾಪಸು ಬಂದರೆ ಪುಸ್ತಕದಲ್ಲಿ ಬರೆದಿಟ್ಟು ಕಾಗದ ಬರೆಯಬಹುದು.

ಬಿಲ್ಲು ಕೊಡುವ ಮಾತೂ ಇಲ್ಲಿಯೇ ಬರಬೇಕು. "ಬಿಲ್ ಬ್ಯಾಡಂದ್ರ ಸಾವಿರ ಕಮ್ಮಿ" ಎಂಬ ವ್ಯವಹಾರದಲ್ಲಿ ಉಳಿದ ಸಾವಿರ, ಲೆನ್ಸು ಕೆಟ್ಟ ದಿನ ಹತ್ತು ಪಟ್ಟಾಗಿ ಹೋಗುತ್ತದೆ. ಬಿಲ್ಲಿಲ್ಲದ ಮಾಲಿಗೆ ಸರ್ವೀಸ್ ಸೆಂಟರೂ ಸಲೀಸಾಗಿ ಬಾಗಿಲು ತೆಗೆಯದು, ಆಯೋಗದೆದುರು ನಿಲ್ಲುವುದೂ ಕಷ್ಟ.

ಬಿಲ್ಲು ಇದ್ದವರು ಮಾಡಬೇಕಾದದ್ದು ಇಷ್ಟು. ರಿಪೇರಿಗೆ ಒಪ್ಪಿಗೆ ಕೊಡುವ ಮೊದಲು, ಈ ಮಾಡೆಲ್ಲಿನ ಈ ದೋಷಕ್ಕೆ ಕಂಪನಿಯ ನೋಟೀಸು ಇದೆಯೆ ಎಂದು ಸರ್ವೀಸ್ ಸೆಂಟರನ್ನು ಬರಹದಲ್ಲಿ ಕೇಳಿ, ಉತ್ತರವನ್ನೂ ಬರಹದಲ್ಲೇ ಪಡೆಯಬೇಕು. ಯಾವ ಭಾಗ ಕೆಟ್ಟಿತು ಎಂಬುದು ಎಸ್ಟಿಮೇಟಿನಲ್ಲಿ ಬರಲಿ, ಬದಲಿಸಿದ ಹಳೆಯ ಭಾಗವನ್ನು ವಾಪಸು ಕೇಳಲಿ. ಗ್ರಾಹಕ ಸಹಾಯವಾಣಿಯ ನಂಬರು 1915, ದುಡ್ಡಿಲ್ಲದ ಕರೆ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಆಯೋಗ. ಲೆನ್ಸು ಮುಂಬೈಯಲ್ಲಿ ಕೊಂಡಿರಲಿ, ಹೈದರಾಬಾದಿನಲ್ಲಿ ಕೊಂಡಿರಲಿ, ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು ಎಂಬುದು 2019ರ ಕಾಯದೆಯ ದೊಡ್ಡ ಅನುಕೂಲ. ಆಳಂದದವನಿಗಾಗಲಿ ಅಫಜಲಪುರದವನಿಗಾಗಲಿ ಕಲಬುರಗಿ ಬಸ್ಸು ಹತ್ತಿದರೆ ಸಾಕು. 5 ಲಕ್ಷ ರೂಪಾಯಿ ತನಕದ ಮಾಲಿಗೆ ದೂರಿನ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕೆಂದೂ ಇಲ್ಲ. ತಕರಾರು ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ಸಲ್ಲಬೇಕು. ತಡವಾದರೆ ಸರಿಯಾದ ಕಾರಣ ತೋರಿಸಿದವರಿಗೆ ಆಯೋಗ ವಿನಾಯಿತಿ ಕೊಡಬಹುದು.