ಪಾಸ್‌ವರ್ಡ್ ಉಳಿಸಿಕೊಳ್ಳದ ಜಾಲತಾಣವೇ ಸುರಕ್ಷಿತ

ನಾವು ಕೊಟ್ಟ ಪಾಸ್‌ವರ್ಡನ್ನು ಜಾಲತಾಣ ಜೋಪಾನವಾಗಿ ಇಟ್ಟುಕೊಂಡಿರಬೇಕೆಂದು ನಾವೆಲ್ಲ ಬಯಸುತ್ತೇವೆ. ನಿಜಕ್ಕೂ ಬಯಸಬೇಕಾದದ್ದು ಅದನ್ನು ಇಟ್ಟುಕೊಳ್ಳಲೇಬಾರದು ಎಂದು. ಇಟ್ಟದ್ದು ಒಂದಲ್ಲ ಒಂದು ದಿನ ಹೊರಬೀಳಬಹುದು. ಅದಕ್ಕೆ ಕಳ್ಳನೇ ಬರಬೇಕೆಂದಿಲ್ಲ. 1960ರ ದಶಕದಲ್ಲಿ ಅಮೆರಿಕದ ಎಂಐಟಿಯ ಸಿಟಿಎಸ್‌ಎಸ್ ಎಂಬ ಗಣಕ ವ್ಯವಸ್ಥೆಯಲ್ಲಿ ಇಬ್ಬರು ನಿರ್ವಾಹಕರು ಏಕಕಾಲಕ್ಕೆ ತಿದ್ದುತ್ತಿದ್ದ ಎರಡು ಕಡತಗಳು ಅದಲುಬದಲಾದವು. ದಿನದ ಸೂಚನೆ ಕಾಣಬೇಕಾದ ಜಾಗದಲ್ಲಿ, ಲಾಗಿನ್ ಆದವರಿಗೆಲ್ಲ ಪಾಸ್‌ವರ್ಡ್‌ಗಳ ಪಟ್ಟಿಯೇ ಅಚ್ಚಾಗಿ ಬಂತು. 2009ರಲ್ಲಿ ರಾಕ್‌ಯೂ ಕಂಪನಿಯ ಡೇಟಾಬೇಸಿಗೆ ಕನ್ನ ಬಿದ್ದಾಗ ಸುಮಾರು 3.2 ಕೋಟಿ ಪಾಸ್‌ವರ್ಡ್‌ಗಳು ಇದ್ದ ರೂಪದಲ್ಲೇ ಸಿಕ್ಕವು. ಅದೇ ಪಾಸ್‌ವರ್ಡನ್ನು ಇಮೇಲಿಗೂ ಬಳಸುತ್ತಿದ್ದವರ ಅಂಚೆಪೆಟ್ಟಿಗೆಯೂ ಆಗಲೇ ತೆರೆದಂತಾಯಿತು.

ಇಟ್ಟುಕೊಳ್ಳದೆ ಗುರುತು ಹಿಡಿಯುವುದು ಹೇಗೆ? ಪಾಸ್‌ವರ್ಡನ್ನು ಹ್ಯಾಶ್ ಎಂಬ ಗಣಿತಕ್ರಿಯೆಗೆ ಒಳಪಡಿಸಿ, ಬಂದ ಫಲಿತಾಂಶವನ್ನಷ್ಟೇ ಉಳಿಸಬೇಕು. ಬೀಸಿದ ಹಿಟ್ಟು ಮತ್ತೆ ರಾಗಿಯಾಗದಂತೆ ಈ ಕ್ರಿಯೆಯನ್ನೂ ಹಿಂದಕ್ಕೆ ತಿರುಗಿಸಲಾಗದು. ಮುಂದಿನ ಸಲ ಲಾಗಿನ್ ಆದಾಗ ಅದೇ ಲೆಕ್ಕವನ್ನು ಮತ್ತೆ ಮಾಡಿ, ಎರಡು ಫಲಿತಾಂಶಗಳು ತಾಳೆಯಾಗುತ್ತವೆಯೇ ಎಂದು ನೋಡಿದರೆ ಸಾಕು. ಆದರೆ ಬರೀ ಹ್ಯಾಶ್ ಸಾಲದೆಂಬುದು 2012ರಲ್ಲಿ ಲಿಂಕ್ಡ್‌ಇನ್ ಸೋರಿಕೆಯಿಂದ ರುಜುವಾತಾಯಿತು. ಅಲ್ಲಿ ಬಳಸಿದ್ದ ಶಾ-1 ಎಂಬ ಹ್ಯಾಶ್ ವಿಧಾನ ತೀರಾ ವೇಗದ್ದು. ಇಂದಿನ ಒಂದು ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ನೂರಾರು ಕೋಟಿ ಊಹೆಗಳನ್ನು ಅದರ ಮೇಲೆ ಪರೀಕ್ಷಿಸಬಲ್ಲದು. ಒಂದೇ ಪಾಸ್‌ವರ್ಡಿಗೆ ಒಂದೇ ಹ್ಯಾಶ್ ಬರುತ್ತಿದ್ದುದರಿಂದ ಒಂದನ್ನು ಭೇದಿಸಿದರೆ ಅದನ್ನೇ ಬಳಸಿದವರೆಲ್ಲ ಸಿಕ್ಕಿಬೀಳುತ್ತಿದ್ದರು. ಇದಕ್ಕೆ ಮದ್ದನ್ನು ಬೆಲ್ ಲ್ಯಾಬ್ಸ್‌ನ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರಲ್ಲೇ ವಿವರಿಸಿದ್ದರು: ಪ್ರತಿ ಪಾಸ್‌ವರ್ಡಿಗೂ ಸಾಲ್ಟ್ ಎಂಬ ಬೇರೆ ಬೇರೆ ಯಾದೃಚ್ಛಿಕ ಸಂಖ್ಯೆ ಸೇರಿಸಬೇಕು, ಲೆಕ್ಕವನ್ನು ಬೇಕೆಂದೇ ನಿಧಾನಗೊಳಿಸಬೇಕು. 1999ರ ಬಿಕ್ರಿಪ್ಟ್ ಮತ್ತು 2015ರ ಪಾಸ್‌ವರ್ಡ್ ಹ್ಯಾಶ್ ಸ್ಪರ್ಧೆಯಲ್ಲಿ ಗೆದ್ದ ಆರ್ಗಾನ್2 ಎಂಬ ಹ್ಯಾಶ್ ವಿಧಾನಗಳು ಈ ದಾರಿಯನ್ನೇ ಹಿಡಿದಿವೆ.

ನಿಧಾನವಾದರೆ ಬಳಕೆದಾರರು ಕಾಯಬೇಕಲ್ಲ ಎನ್ನಬಹುದು. ಕಾಲು ಸೆಕೆಂಡಿನ ವಿಳಂಬ ಒಮ್ಮೆ ಲಾಗಿನ್ ಆಗುವವರ ಗಮನಕ್ಕೂ ಬರುವುದಿಲ್ಲ. ಕೋಟಿಗಟ್ಟಲೆ ಊಹೆ ಮಾಡಬೇಕಾದ ಕಳ್ಳನಿಗೆ ಅದು ವರ್ಷಗಳ ಕೆಲಸ. ಗೂಢಲಿಪೀಕರಿಸಿ ಇಟ್ಟರೆ ಸಾಲದೇ ಎಂಬುದು ಇನ್ನೊಂದು ಪ್ರಶ್ನೆ. ಅಡೋಬಿ ಕಂಪನಿ ಹಾಗೆಯೇ ಮಾಡಿತ್ತು. 2013ರಲ್ಲಿ ಸೋರಿದ ಅದರ ದತ್ತಾಂಶದಲ್ಲಿ ಒಂದೇ ಪಾಸ್‌ವರ್ಡಿನವರಿಗೆ ಒಂದೇ ಗೂಢಲಿಪಿ ಇತ್ತು, ಪಕ್ಕದಲ್ಲೇ ಬಳಕೆದಾರರು ಬರೆದುಕೊಂಡ ನೆನಪಿನ ಸುಳಿವುಗಳೂ ಬಯಲಾಗಿದ್ದವು. ಗೂಢಲಿಪಿ ಬಿಡಿಸುವ ಕೀಲಿ ಕೈಗೆ ಸಿಗದಿದ್ದರೂ ಸುಳಿವು ಓದಿ ಎಷ್ಟೋ ಪಾಸ್‌ವರ್ಡ್‌ಗಳನ್ನು ಊಹಿಸಬಹುದಿತ್ತು. ಬಳಕೆದಾರರು ಆಗಾಗ ಪಾಸ್‌ವರ್ಡ್ ಬದಲಾಯಿಸಿದರಾಯಿತು ಎಂಬ ವಾದವೂ ನಿಲ್ಲದು. ಒತ್ತಾಯಿಸಿದರೆ ಜನ ‘ಮೈಸೂರು@1’ ಅನ್ನು ‘ಮೈಸೂರು@2’ ಮಾಡುತ್ತಾರೆ ಅಷ್ಟೆ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2017ರಲ್ಲೇ ಇಂಥ ನಿಯಮಗಳನ್ನು ಬಿಟ್ಟು, ಈಗಾಗಲೇ ಸೋರಿರುವ ಪಾಸ್‌ವರ್ಡ್‌ಗಳನ್ನು ನಿರಾಕರಿಸಿ ಎಂದು ಸಲಹೆ ನೀಡಿತು.

ಆದ್ದರಿಂದ ಹೊಣೆ ಮೊದಲು ಜಾಲತಾಣ ಕಟ್ಟುವವರದು. ಸ್ವಂತ ಹ್ಯಾಶ್ ವಿಧಾನ ಹೊಸೆಯುವ ಸಾಹಸ ಬೇಡ. ಪರೀಕ್ಷೆಗೆ ಒಳಗಾದ ಆರ್ಗಾನ್2 ಅಥವಾ ಬಿಕ್ರಿಪ್ಟ್ ಲೈಬ್ರರಿಯನ್ನೇ ಬಳಸಿ. ಓದುಗರಿಗೂ ಒಂದು ಮಾತು: ‘ಪಾಸ್‌ವರ್ಡ್ ಮರೆತಿದೆ’ ಎಂದು ಒತ್ತಿದಾಗ ಹೊಸದನ್ನು ಹಾಕಿಕೊಳ್ಳಲು ಕೊಂಡಿ ಕಳಿಸುವ ಬದಲು ನಿಮ್ಮ ಹಳೆಯ ಪಾಸ್‌ವರ್ಡನ್ನೇ ಯಾವುದಾದರೂ ತಾಣ ಕಳಿಸಿದರೆ, ಅದು ಅಲ್ಲಿ ಓದಬಹುದಾದ ರೂಪದಲ್ಲೇ ಇದೆ ಎಂದರ್ಥ. ಆ ಪಾಸ್‌ವರ್ಡನ್ನು ಬೇರೆಲ್ಲಿ ಬಳಸಿದ್ದರೂ ಅಂದೇ ಬದಲಾಯಿಸಿ.